ರಜಾಕ್ ಸಾಹೇಬರ ಮಧ್ಯಾಹ್ನದ ಓದು

ನಮ್ಮ ಕನ್ನಡಕದ ಅಂಗಡಿಯ ಬಾಗಿಲಿಗೆ ಶನಿವಾರಕ್ಕೊಮ್ಮೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿಸುವವರು ನಮ್ಮ ಅತ್ತೆ. ನಾನು ಅದನ್ನು ಬೇಡವೆಂದವಳಲ್ಲ, ಅದರಲ್ಲಿ ಏನೋ ಇದೆಯೆಂದು ನಂಬಿದವಳೂ ಅಲ್ಲ. ಗಾಳಿ ಸೋಕಿದ್ದು, ಸತ್ತವರು ಕನಸಿನಲ್ಲಿ ಬಂದು ಹೇಳಿದ್ದು, ಇಂಥ ಮಾತು ಶುರುವಾದರೆ ನಾನು ಎದ್ದು ಟೀ ಮಾಡಲು ಹೋಗುತ್ತಿದ್ದೆ. ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ. ಜನ ಇಲ್ಲದ್ದನ್ನು ಕಾಣುವುದು, ಇದ್ದದ್ದನ್ನು ಕಾಣದೆ ಹೋಗುವುದು ನನಗೆ ದಿನನಿತ್ಯದ ವ್ಯವಹಾರ. ನೋಟ ಕೆಟ್ಟ ಕೆಲವು ಮುದುಕರಿಗೆ ಗೋಡೆಯ ಮೇಲೆ ಮುಖಗಳು ಕಾಣುತ್ತವೆ. ಮನೆಯವರು ಹೆದರಿ ಕರೆದುಕೊಂಡು ಬರುತ್ತಾರೆ. ಅದಕ್ಕೆ ಕಾರಣ ಇದೆ, ವೈದ್ಯರು ಇಟ್ಟ ಹೆಸರೂ ಇದೆ ಎಂದು ನಾನು ಸಮಾಧಾನ ಹೇಳಿ ಕಳಿಸುತ್ತೇನೆ. ಎಲ್ಲದಕ್ಕೂ ಹಾಗೆ ಒಂದು ಹೆಸರು ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ಈಗ ಬರೆಯುತ್ತಿರುವುದಕ್ಕೆ ಇನ್ನೂ ಸಿಕ್ಕಿಲ್ಲ. ಸುಳ್ಳು ಅನ್ನಿಸಿದರೆ ಅರ್ಧಕ್ಕೇ ಬಿಟ್ಟುಬಿಡಿ, ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ಬಿಡುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಅಪ್ಪ ತೀರಿಕೊಂಡ ಮೇಲೆ ಅವರು ಕೂಡಿಟ್ಟಿದ್ದ ಕಾದಂಬರಿಗಳು ಟ್ರಂಕುಗಳಲ್ಲಿ ನನ್ನ ಪಾಲಿಗೆ ಬಂದವು. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಅಟ್ಟದಲ್ಲಿಟ್ಟಿದ್ದೆ. ಒಂದು ಸಲ ತೆಗೆದು ನೋಡಿದರೆ ಗೆದ್ದಲು ಹತ್ತಿತ್ತು. ಕೆಲವು ಪುಸ್ತಕ ಕೈಗೆತ್ತಿಕೊಂಡರೆ ಹುಡಿಯಾಗಿ ಉದುರಿದವು. ಆಗ ಉಳಿದದ್ದನ್ನಾದರೂ ಉಳಿಸಬೇಕು ಎಂಬ ಹಟ ಹುಟ್ಟಿತು. ನಾನು ಓದಿದ್ದು ಕಂಪ್ಯೂಟರ್ ವಿಷಯದಲ್ಲಿ ಬಿಎಸ್ಸಿ. ಮದುವೆಯಾದ ಮೇಲೆ ಕಣ್ಣು ಪರೀಕ್ಷೆಯ ಕೋರ್ಸು ಮಾಡಿ ಅಂಗಡಿಗೆ ಕೂತಾಗ ಅದು ಮೂಲೆ ಸೇರಿತ್ತು, ಮರೆತಿರಲಿಲ್ಲ. ಪುಸ್ತಕಗಳನ್ನು ಹಾಳೆ ಹಾಳೆ ಸ್ಕ್ಯಾನ್ ಮಾಡಿ, ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರಿನಲ್ಲಿ ಹಾಕಿ, ಅದನ್ನು ನಮ್ಮ ಟೀವಿ ಸ್ಟ್ಯಾಂಡಿನ ಹಿಂದೆ ಇಟ್ಟೆ. ಹಗಲೂ ರಾತ್ರಿ ಉರಿಯುತ್ತಿತ್ತು. ಅದೇ ನಮ್ಮ ಮನೆಯ ಗ್ರಂಥಾಲಯ. ಯಾವ ಕಂಪನಿಯ ಹಂಗೂ ಇಲ್ಲದೆ, ನಾನು ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟವರು ಎಲ್ಲಿಂದ ಬೇಕಾದರೂ ತೆರೆದು ಓದಬಹುದಿತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ಎಲ್ಲಿಗೆ ಬಿಟ್ಟಿದ್ದೇನೋ, ಮನೆಗೆ ಬಂದು ಮೊಬೈಲ್ ತೆಗೆದರೆ ಅದೇ ಪುಟ ತೆರೆದುಕೊಳ್ಳುತ್ತಿತ್ತು. ಯಾರು ಯಾವ ಪುಸ್ತಕದಲ್ಲಿ ಎಷ್ಟನೇ ಪುಟಕ್ಕೆ ಬಂದಿದ್ದಾರೆ, ಯಾವ ಸಾಧನದಲ್ಲಿ ಓದಿದರು, ಯಾವಾಗ ಓದಿದರು ಎಂಬುದೆಲ್ಲ ಅದರ ನೆನಪಿನಲ್ಲಿ ಇರುತ್ತಿತ್ತು.

ಹಳೆಯ ಪುಸ್ತಕವನ್ನು ಬಿಡಿಸದೆ ಸ್ಕ್ಯಾನ್ ಮಾಡಿದರೆ ಹೊಲಿಗೆಯ ಪಕ್ಕದ ಅಕ್ಷರ ಬರುವುದಿಲ್ಲ. ಹೀಗಾಗಿ ಅಬ್ದುಲ್ ರಜಾಕ್ ಸಾಹೇಬರು ಈ ಕೆಲಸಕ್ಕೆ ಸೇರಿದರು. ಹರಿಹರದಲ್ಲಿ ಅವರದು ಬೈಂಡಿಂಗ್ ಅಂಗಡಿ. ಕಣ್ಣು ತೋರಿಸಲು ನಮ್ಮ ಅಂಗಡಿಗೆ ಬಂದವರು. ಎರಡೂ ಕಣ್ಣಿನ ನಡುಭಾಗದ ನೋಟ ಕರಗುತ್ತಾ ಬಂದಿತ್ತು. ಎದುರಿಗೆ ಕೂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಕೈ ಅಭ್ಯಾಸದಿಂದ ಹೊಲಿಗೆ ಹಾಕುತ್ತಿದ್ದರು. ಛಾಪಿಸಿದ ಅಕ್ಷರ ಓದುವುದು ನಿಂತೇ ಹೋಗಿತ್ತು. ಓದಿನ ಹುಚ್ಚಿದ್ದ ಮನುಷ್ಯ. ಬೈಂಡಿಂಗಿಗೆ ಬಂದ ಕಾದಂಬರಿಯನ್ನೆಲ್ಲ ಓದಿ ಮುಗಿಸಿಯೇ ಗಿರಾಕಿಗೆ ಕೊಡುತ್ತಿದ್ದರೆಂದು ಅವರ ಹೆಂಡತಿ ಖುರ್ಷಿದ್‌ಬಿ ಆಮೇಲೊಮ್ಮೆ ದೂರಿದ್ದರು. ನಾನು ಕೊಡುವ ಯಾವ ಕನ್ನಡಕದಿಂದಲೂ ಪ್ರಯೋಜನವಿಲ್ಲವೆಂದು ಅವರಿಗೆ ಹೇಳಬೇಕಾಯಿತು. ಆಮೇಲೆ ಸುಮ್ಮನಿರಲಾಗದೆ, ನನ್ನ ಟ್ಯಾಬಿನಲ್ಲಿ ಒಂದು ಪುಟ ತೆಗೆದು, ಅಕ್ಷರಗಳನ್ನು ಹೆಬ್ಬೆರಳಿನಷ್ಟು ದೊಡ್ಡದು ಮಾಡಿ ಹಿಡಿದೆ. ಸಾಹೇಬರು ತಲೆ ಓರೆ ಮಾಡಿಕೊಂಡು ಕಣ್ಣಂಚಿನಿಂದ ಒಂದೊಂದೇ ಪದ ಓದಿದರು. ಒಂದು ಸಾಲು ಮುಗಿಸಿ, ಇನ್ನೊಂದು ಸಾಲು ಮುಗಿಸಿ, ಟ್ಯಾಬನ್ನು ಕೈಯಿಂದ ಬಿಡಲೇ ಇಲ್ಲ.

ಆವತ್ತಿನಿಂದ ನಮ್ಮ ಒಪ್ಪಂದ ಶುರುವಾಯಿತು. ಅವರು ಪುಸ್ತಕ ಬಿಡಿಸಿ ಕೊಡುವುದು, ನಾನು ಸ್ಕ್ಯಾನ್ ಮಾಡುವುದು, ಅವರು ಮತ್ತೆ ಹೊಲಿದು ರಟ್ಟು ಹಾಕುವುದು. ಮಗಳು ನಸ್ರೀನ್ ಅವರಿಗೊಂದು ಟ್ಯಾಬ್ ಕೊಡಿಸಿದಳು. ಅವಳನ್ನು ದಾವಣಗೆರೆಯ ವಿನೋಬನಗರಕ್ಕೆ ಕೊಟ್ಟಿತ್ತು. ಸಾಹೇಬರು ಮಧ್ಯಾಹ್ನದ ನಮಾಜು, ಊಟ ಮುಗಿಸಿ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಓದಲು ಕೂಡುತ್ತಿದ್ದರು. ಕಣ್ಣು ಬೇಗ ಸೋಲುತ್ತಿದ್ದುದರಿಂದ ಒಂದು ಹೊತ್ತಿಗೆ ಕೆಲವೇ ಪುಟ. ಶುಕ್ರವಾರ ಮಾತ್ರ ಓದುತ್ತಿರಲಿಲ್ಲ. ಆ ದಿನ ಮಸೀದಿಯಿಂದ ಗೆಳೆಯರ ಜೊತೆ ಹೋದರೆ ಬರುವುದು ಸಂಜೆಯೇ.

ಆ ಚಳಿಗಾಲದಲ್ಲಿ ನನಗೆ ರದ್ದಿ ಅಂಗಡಿಯಲ್ಲಿ ಒಂದು ದಪ್ಪ ಕಾದಂಬರಿ ಸಿಕ್ಕಿತು. ರಕ್ಷಾಪುಟವಿಲ್ಲ, ಹೆಸರಿನ ಹಾಳೆಯೂ ಹರಿದುಹೋಗಿತ್ತು. ಬರೆದವರು ಯಾರೋ ತಿಳಿಯದು. ಅಲ್ಲಲ್ಲಿ ಕಣ್ಣಾಡಿಸಿದಾಗ ಒಂದು ಜವಳಿ ವ್ಯಾಪಾರದ ದೊಡ್ಡ ಮನೆತನದ ಕಥೆ ಎಂದಷ್ಟು ಗೊತ್ತಾಯಿತು. ಸ್ಕ್ಯಾನ್ ಮಾಡಿ "ಹೆಸರಿಲ್ಲದ ಕಾದಂಬರಿ" ಎಂದೇ ದಾಖಲಿಸಿದೆ. ನನಗೆ ಓದಲು ಪುರಸೊತ್ತಾಗಲಿಲ್ಲ. ಸಾಹೇಬರು ಶುರು ಮಾಡಿದರು. ಆ ಮನೆತನದಲ್ಲಿ ಒಬ್ಬ ಮನೆಅಳಿಯ ಬರುತ್ತಾನಂತೆ. ಅವನನ್ನು ಕಂಡರೆ ಸಾಹೇಬರಿಗೆ ಆಗುತ್ತಿರಲಿಲ್ಲ. ಫೋನು ಮಾಡಿ, "ಅವನ ಮಾತು ಓದಿದ್ರ ಮೈ ಉರೀತೈತೆ ಬೇಟಿ" ಅನ್ನುತ್ತಿದ್ದರು. ನಾನೂ ಓದುವುದಿದೆ, ಕಥೆ ಹೇಳಬೇಡಿ ಎಂದು ನಗುತ್ತಾ ಫೋನಿಡುತ್ತಿದ್ದೆ.

ಬಿಸಿಲು ಏರಲು ಶುರುವಾದ ದಿನಗಳಲ್ಲಿ ಒಂದು ಬೆಳಿಗ್ಗೆ ಸಾಹೇಬರು ಅಂಗಡಿಯಲ್ಲಿ ಹೊಲಿಗೆ ಹಾಕುತ್ತಾ ಕೂತಲ್ಲೇ ವಾಲಿಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಗೆ ತಂದರು. ಬಾಯಿಗೆ ಕೊಳವೆ, ಉಸಿರಾಟಕ್ಕೆ ಯಂತ್ರ, ಎಚ್ಚರವಿಲ್ಲ. ನಾನು ಹೋದಾಗ ಗಾಜಿನ ಹೊರಗಿನಿಂದ ನೋಡಲು ಬಿಟ್ಟರು. ಖುರ್ಷಿದ್‌ಬಿ ಹೊರಗಿನ ಬೆಂಚಿನ ಮೇಲೆ ದುಪಟ್ಟಾದಲ್ಲಿ ಕೈ ಸುತ್ತಿಕೊಂಡು ಕೂತಿದ್ದರು. ಹರಿಹರದ ಮನೆಗೆ ಬೀಗ ಹಾಕಿಕೊಂಡು ಬಂದು ನಸ್ರೀನಳ ಮನೆಯಲ್ಲೇ ಇಳಿದುಕೊಂಡಿದ್ದರು.

ವಾರದ ಮೇಲಾಗಿರಬೇಕು. ನಾನು ಅಂಗಡಿಯಲ್ಲಿ ಹೊಸದೊಂದು ಪುಸ್ತಕ ಸೇರಿಸಲು ಗ್ರಂಥಾಲಯದ ಪುಟ ತೆರೆದೆ. ಯಾರು ಕಡೆಯದಾಗಿ ಏನು ಓದಿದರು ಎಂಬುದು ಮೇಲೆಯೇ ಕಾಣುತ್ತದೆ. ನನ್ನ ಹೆಸರಿಗಿಂತ ಮೇಲೆ ಸಾಹೇಬರ ಹೆಸರಿತ್ತು. ಪುಸ್ತಕ, ಹೆಸರಿಲ್ಲದ ಕಾದಂಬರಿ. ಸಾಧನ, ಹರಿಹರದ ಟ್ಯಾಬ್. ಓದಿದ್ದು ಇವತ್ತು, ಮಧ್ಯಾಹ್ನ.

ಮನೆಯ ಮಕ್ಕಳು ಯಾರಾದರೂ ಟ್ಯಾಬ್ ಹಿಡಿದಿರಬೇಕು ಅಂದುಕೊಂಡೆ. ಸಂಜೆ ನಸ್ರೀನಳಿಗೆ ಫೋನು ಮಾಡಿದಾಗ ಮೊದಲು ಅಪ್ಪನ ಸ್ಥಿತಿ ಕೇಳಿ, ಆಮೇಲೆ ಟ್ಯಾಬ್ ವಿಷಯ ಎತ್ತಿದೆ. ಅದು ಹರಿಹರದಲ್ಲೇ, ಅಮ್ಮನ ಬೀರುವಿನಲ್ಲಿದೆ, ಬೀಗದ ಕೈ ತನ್ನ ಹತ್ತಿರವೇ ಇದೆ ಅಂದಳು. ಅವಳಿಗೆ ಇದ್ದ ಚಿಂತೆಯೇ ಸಾಕಾಗಿತ್ತು, ನಾನು ಬೆಳೆಸಲಿಲ್ಲ. ಮರುದಿನ ಅಂಗಡಿಯಲ್ಲಿ ಊಟವಾದ ಮೇಲೆ ತೆಗೆದು ನೋಡಿದೆ. ಪುಟ ಮತ್ತೆ ಮುಂದೆ ಸರಿದಿತ್ತು. ತೀರಾ ಸ್ವಲ್ಪ, ಸಾಹೇಬರು ಒಂದು ಹೊತ್ತಿಗೆ ಓದುತ್ತಿದ್ದಷ್ಟೇ.

ನಾನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಅವರ ಪಾಸ್‌ವರ್ಡ್ ಬದಲಿಸಿದೆ. ಈಗ ಆ ಟ್ಯಾಬ್ ಒಳಗೆ ಬರಲೇಬಾರದು, ಆದರೂ ಪುಟ ಸರಿಯಿತು. ಕೋರಿಕೆ ಎಲ್ಲಿಂದ ಬಂತೆಂದು ಕಂಪ್ಯೂಟರಿನ ಒಳದಾಖಲೆ ತೆಗೆದೆ. ಹೊರಗಿನಿಂದ ಬಂದಿದ್ದರೆ ಹೊರಗಿನ ವಿಳಾಸ ಇರಬೇಕಿತ್ತು. ಅಲ್ಲಿದ್ದದ್ದು ಆ ಡಬ್ಬಿಯದೇ ವಿಳಾಸ. ಅಂದರೆ, ನಮ್ಮ ಮನೆಯ ಟೀವಿ ಹಿಂದೆ ಕೂತ ಡಬ್ಬಿ ತನ್ನನ್ನು ತಾನೇ ಕೇಳಿ ತಾನೇ ಪುಟ ತಿರುವಿತ್ತು. ಇಂಥ ಗ್ರಂಥಾಲಯ ಇಟ್ಟುಕೊಂಡವರ ಒಂದು ಗುಂಪು ಅಂತರ್ಜಾಲದಲ್ಲಿದೆ, ಅಲ್ಲಿ ಕೇಳಿದೆ. ಗಡಿಯಾರ ತಪ್ಪಿರಬೇಕು ಅಂದ ಒಬ್ಬ, ಸಾಫ್ಟ್‌ವೇರಿನಲ್ಲೇ ದೋಷವಿರಬೇಕು ಅಂದ ಇನ್ನೊಬ್ಬ. ನಾನೂ ಹಾಗೇ ಅಂದುಕೊಳ್ಳಲು ಸಿದ್ಧಳಿದ್ದೆ. ಅಷ್ಟರಲ್ಲಿ ಶುಕ್ರವಾರ ಬಂತು. ಆ ದಿನ ಪುಟ ಅಲುಗಲಿಲ್ಲ. ಶನಿವಾರ ಮಧ್ಯಾಹ್ನ ಮತ್ತೆ ಸರಿಯಿತು. ಅಂಗಡಿಯ ಫ್ಯಾನು ಜೋರಾಗಿ ತಿರುಗುತ್ತಿತ್ತು, ಹೊರಗೆ ಕಣ್ಣು ಕುಕ್ಕುವ ಬಿಸಿಲು. ನನ್ನ ಮೊಣಕೈ ತನಕ ರೋಮ ಎದ್ದು ನಿಂತಿದ್ದನ್ನು ನೋಡುತ್ತಾ ಕೂತೆ.

ನಸ್ರೀನಳಿಗೆ ಅಮ್ಮನ ಬಟ್ಟೆ ತರಲು ಹರಿಹರಕ್ಕೆ ಹೋಗುವುದಿತ್ತು. ನಾನೂ ಜೊತೆಗೆ ಹೋದೆ. ಮುಚ್ಚಿದ ಮನೆಯ ಸೆಕೆ, ನೆಲದ ಮೇಲೆ ಸಣ್ಣ ಧೂಳು. ಬೀರು ತೆಗೆದರೆ ಸೀರೆಗಳ ಕೆಳಗೆ ಟ್ಯಾಬ್ ಬಟ್ಟೆಯ ಚೀಲದಲ್ಲಿ ಇತ್ತು. ಗುಂಡಿ ಒತ್ತಿದೆ, ಹೊತ್ತಿಕೊಳ್ಳಲಿಲ್ಲ. ಬ್ಯಾಟರಿ ಪೂರ್ತಿ ಸತ್ತಿತ್ತು. ನಸ್ರೀನ್ ಕಸ ಗುಡಿಸುವಷ್ಟು ಹೊತ್ತು ಚಾರ್ಜಿಗೆ ಹಾಕಿ ಕಾದೆ. ತೆರೆ ಬೆಳಗಿತು. ಪುಸ್ತಕ ಹಳೆಯ ಜಾಗದಲ್ಲೇ ಇತ್ತು, ಸಾಹೇಬರು ಬೀಳುವ ಹಿಂದಿನ ದಿನ ಬಿಟ್ಟ ಪುಟದಲ್ಲಿ. ಆ ಟ್ಯಾಬಿನಲ್ಲಿ ಅಲ್ಲಿಂದ ಮುಂದಕ್ಕೆ ಯಾರೂ ಓದಿರಲಿಲ್ಲ. ಅದಕ್ಕೆ ಹೊಸ ಪಾಸ್‌ವರ್ಡ್ ಹಾಕಿ ನನ್ನ ಮೊಬೈಲಿನಿಂದ ನೆಟ್ ಕೊಟ್ಟ ತಕ್ಷಣ ತೆರೆಯ ಮೇಲೆ ಒಂದು ಪ್ರಶ್ನೆ ಮೂಡಿತು. ಈ ಪುಸ್ತಕವನ್ನು ನೀವು ಬೇರೆ ಕಡೆ ಇದಕ್ಕಿಂತ ಮುಂದೆ ಓದಿದ್ದೀರಿ, ಅಲ್ಲಿಗೆ ಹೋಗಬೇಕೆ?

ಬೇಡವೆಂದು ಒತ್ತಿ ಆರಿಸಿಬಿಟ್ಟೆ. ನಸ್ರೀನ್ ಪೊರಕೆ ಹಿಡಿದುಕೊಂಡೇ ಬಂದು, "ಏನಾತಕ್ಕ, ಮುಖ ಹಂಗ್ಯಾಕ ಆಗೈತೆ?" ಅಂದಳು. ಸೆಕೆ ಅಂದೆ. ರಿಪೇರಿ ಮಾಡಿಸುವ ನೆವ ಹೇಳಿ ಟ್ಯಾಬನ್ನು ನನ್ನ ಮನೆಗೆ ತಂದು ಡ್ರಾಯರಿನಲ್ಲಿ ಬೀಗ ಹಾಕಿಟ್ಟೆ. ಮರುದಿನ ಮಧ್ಯಾಹ್ನವೂ ಪುಟ ಸರಿಯಿತು.

ಇಷ್ಟು ದಿನ ನಾನು ಯಾರಿಗೂ ಹೇಳಿರಲಿಲ್ಲ. ಹೇಳುವ ಪ್ರಸಂಗ ತಾನಾಗಿ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಕೈಚೆಲ್ಲಿದ್ದರು. ಎಚ್ಚರ ಬರುವ ಲಕ್ಷಣ ಇಲ್ಲ, ಯಂತ್ರ ತೆಗೆದು ಮನೆಗೆ ಒಯ್ಯುವುದಾದರೆ ಒಯ್ಯಬಹುದು ಅಂದಿದ್ದರಂತೆ. ಸಾಹೇಬರ ತಮ್ಮ ಊರಿನಿಂದ ಬಂದಿದ್ದರು. ಅಣ್ಣನನ್ನು ಹೀಗೆ ನರಳಿಸುವುದು ಬೇಡ, ತನ್ನ ಮನೆಯಲ್ಲಿ, ತನ್ನವರ ನಡುವೆ ಹೋಗಲಿ ಎಂಬುದು ಅವರ ಮಾತು. ಕೆಟ್ಟ ಮಾತಲ್ಲ. ನನಗೂ ಬೇರೆ ಯಾರದೇ ವಿಷಯದಲ್ಲಾದರೂ ಅದೇ ಸರಿ ಅನ್ನಿಸುತ್ತಿತ್ತು. ಮರುದಿನ ಸಹಿ ಹಾಕುವುದೆಂದು ನಸ್ರೀನ್ ಫೋನಿನಲ್ಲಿ ಅಳುತ್ತಾ ಹೇಳಿದಳು.

ಅಂಗಡಿಯನ್ನು ನಮ್ಮ ಯಜಮಾನರಿಗೆ ಬಿಟ್ಟು ಆಸ್ಪತ್ರೆಗೆ ಹೋದೆ. ಖುರ್ಷಿದ್‌ಬಿ ಅದೇ ಬೆಂಚಿನ ಮೇಲೆ ಕೂತಿದ್ದರು. ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಅವರಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ, ಓದಲು ಬರುವುದು ಉರ್ದು ಮಾತ್ರ. ಪುಟ, ಸಾಧನ, ವಿಳಾಸ ಎಂದೆಲ್ಲ ವಿವರಿಸಲು ಹೋಗಿ ನನಗೇ ನಾಚಿಕೆಯಾಯಿತು.

"ಚಾಚಿ, ನಾ ಹೇಳೋದು ಹುಚ್ಚು ಅನ್ನಿಸಬೋದು. ಸಾಹೇಬ್ರು ಓದ್ತಾ ಅದಾರೆ" ಅಂದುಬಿಟ್ಟೆ.

ಅವರು ಅಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ದಿನಾಲೂ ಓದುತ್ತಾರಾ ಎಂದು ಕೇಳಿದರು. ಶುಕ್ರವಾರ ಬಿಟ್ಟು ಅಂದೆ. ಆಗ ತಲೆಯೆತ್ತಿದರು. ತೀರಾ ಸಹಜವಾಗಿ, ಅಡುಗೆಮನೆಯಲ್ಲಿ ಅಕ್ಕಿ ಎಷ್ಟಿದೆ ಎಂದು ಕೇಳುವವರ ಹಾಗೆ ಕೇಳಿದರು.

"ಇನ್ನ ಎಷ್ಟು ಪುಟ ಅದಾವೆ ಬೇಟಿ?"

ಅರ್ಧಕ್ಕಿಂತ ಹೆಚ್ಚೇ ಉಳಿದಿದೆ ಅಂದೆ. ಅವರು ಎದ್ದು ಮೈದುನನ ಹತ್ತಿರ ಹೋಗಿ, "ನಾ ಒಪ್ಪಂಗಿಲ್ಲ. ಅವ್ರ ಕೆಲಸ ಮುಗಿದಿಲ್ಲ" ಅಂದರು. ಯಾವ ಕೆಲಸ ಎಂದು ಮೈದುನ ಎಷ್ಟು ಸಲ ಕೇಳಿದರೂ ಮತ್ತೆ ಬಾಯಿ ಬಿಡಲಿಲ್ಲ. ಅವರ ಸಹಿ ಇಲ್ಲದೆ ಆಸ್ಪತ್ರೆಯವರು ಏನೂ ಮಾಡುವಂತಿರಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ, ನಾನು ಮಾಡಿದ್ದೇನೆಂದು ಹೊಳೆಯಿತು. ಒಂದು ಯಂತ್ರದ ಲೆಕ್ಕ ನಂಬಿ ಒಬ್ಬ ಹೆಂಗಸಿಗೆ ಗಂಡನ ಜೀವದ ವಿಷಯದಲ್ಲಿ ಮಾತು ಹೇಳಿ ಬಂದಿದ್ದೆ. ಯಜಮಾನರಿಗೆ ಆವತ್ತು ಎಲ್ಲ ಹೇಳಿದೆ. ಅವರು ಸಿಟ್ಟಿನ ಮನುಷ್ಯರಲ್ಲ. ಆದರೂ, "ಆ ತಾಯಿಗೆ ಆಸೆ ಹುಟ್ಟಿಸಿ ಬಂದೀಯಲ್ಲ, ನಾಳೆ ಆ ಡಬ್ಬಿ ಸುಳ್ಳು ಅಂತ ಗೊತ್ತಾದ್ರೆ ಏನಂತ ಹೇಳ್ತೀಯ?" ಅಂದರು. ನನ್ನನ್ನು ಹೆದರಿಸುತ್ತಿದ್ದುದು ಅದಲ್ಲ. ಡಬ್ಬಿ ನಿಜ ಹೇಳುತ್ತಿದ್ದರೆ ಏನು ಮಾಡುವುದು ಎಂಬುದೇ ನನ್ನ ಹೆದರಿಕೆ. ಖುರ್ಷಿದ್‌ಬಿ ಈಗ ದಿನಾ ಸಂಜೆ ನಸ್ರೀನಳ ಫೋನಿನಿಂದ ಕೇಳುತ್ತಿದ್ದರು, ಇನ್ನೆಷ್ಟು ಉಳೀತು ಎಂದು. ನಾನು ಹೇಳುತ್ತಿದ್ದೆ. ಉಳಿದ ಪುಟಗಳು ಕಡಿಮೆಯಾಗುತ್ತಾ ಬರುತ್ತಿದ್ದವು. ಕೊನೆಯ ಪುಟ ಬಂದ ದಿನ ಅವರಿಗೆ ಏನು ಹೇಳಬೇಕು? ಆ ದಿನ ಆಸ್ಪತ್ರೆಯಲ್ಲಿ ಏನಾಗುತ್ತದೆ? ಊಟ ಸೇರದಂತಾಯಿತು. ಗಿರಾಕಿಗೆ ಎಡಗಣ್ಣಿನ ನಂಬರು ಬಲಗಣ್ಣಿಗೆ ಬರೆದುಕೊಟ್ಟೆ.

ಒಂದು ಬೆಳಿಗ್ಗೆ ತಡೆಯಲಾಗದೆ ಟೀವಿ ಹಿಂದೆ ಕೈ ಹಾಕಿ ವೈರು ಕಿತ್ತೆ. ಡಬ್ಬಿಯ ಹಸಿರು ದೀಪ ಆರಿತು. ಕಿತ್ತ ಮೇಲೆ ಹೊಳೆಯಿತು, ಒಂದು ವೇಳೆ ಆ ದಾರದಲ್ಲೇ ಆ ಜೀವ ತೂಗುತ್ತಿದ್ದರೆ? ಮತ್ತೆ ಹಾಕಲೂ ಧೈರ್ಯ ಬರಲಿಲ್ಲ. ಆ ದಿನವಿಡೀ ಫೋನಿನ ಮುಂದೆ ಕೂತಿದ್ದೆ. ಸಂಜೆ ಫೋನು ಬಂತು. ಖುರ್ಷಿದ್‌ಬಿಯ ಅದೇ ಪ್ರಶ್ನೆ. ಕರೆಂಟ್ ತೊಂದರೆಯಾಗಿ ಯಂತ್ರ ಕೆಟ್ಟಿದೆ, ಇನ್ನು ನೋಡಲಾಗುವುದಿಲ್ಲ ಎಂದು ಸುಳ್ಳು ಹೇಳಿದೆ. "ಇರ್ಲಿ ಬಿಡು. ಅವ್ರು ಓದ್ಕೊಂತಾರೆ" ಅಂದು ಫೋನಿಟ್ಟರು.

ಅದಾಗಿ ಕೆಲವು ದಿನಗಳಿಗೆ ಸಾಹೇಬರು ಕಣ್ಣು ಬಿಟ್ಟರು.

ಡಾಕ್ಟರುಗಳು ಇಂಥವೂ ಅಪರೂಪಕ್ಕೆ ಆಗುತ್ತವೆ ಅಂದರು. ಆಗುತ್ತವೆ, ನಾನೂ ಒಪ್ಪುತ್ತೇನೆ. ಮೆಲ್ಲಗೆ ಯಂತ್ರ ತೆಗೆದರು, ಕೊಳವೆ ತೆಗೆದರು. ಬಲಗೈ ಬಲಗಾಲು ಬಿದ್ದುಹೋಗಿದ್ದವು. ಮಾತು ಹೆಚ್ಚುಕಡಿಮೆ ನಿಂತಿತ್ತು. ಬೇಕು, ಬ್ಯಾಡ, ನೀರು, ಇಂಥ ಬಿಡಿ ಪದಗಳು, ಅವೂ ತುಂಬಾ ತಡಕಾಡಿದ ಮೇಲೆ. ಬೇಸಿಗೆ ಮುಗಿಯುವ ಹೊತ್ತಿಗೆ ಹರಿಹರಕ್ಕೆ ಕರೆದುಕೊಂಡು ಹೋದರು. ಟ್ಯಾಬನ್ನು ನಾನು ನಸ್ರೀನಳ ಕೈಲಿ ಹಿಂದಿರುಗಿಸಿದ್ದೆ. ಅದನ್ನು ಕೊಟ್ಟರೆ ತಳ್ಳಿಬಿಡುತ್ತಾರೆ, ಅಕ್ಷರ ಗುರುತು ಸಿಗುತ್ತಿಲ್ಲ, ನೀನು ಬಂದು ಒಂದಿಷ್ಟು ಓದಿ ಹೇಳು ಎಂದು ಖುರ್ಷಿದ್‌ಬಿ ಹೇಳಿಕಳಿಸಿದರು.

ಒಂದು ಭಾನುವಾರ ಹೋದೆ. ಸಾಹೇಬರೇ ಹೊಲಿದು ಹಸಿರು ಕ್ಯಾಲಿಕೋ ಬಟ್ಟೆಯ ರಟ್ಟು ಹಾಕಿಕೊಟ್ಟಿದ್ದ ಆ ಕಾದಂಬರಿಯನ್ನು ಕೈಚೀಲದಲ್ಲಿಟ್ಟುಕೊಂಡಿದ್ದೆ. ಅವರನ್ನು ಕಿಟಕಿಯ ಪಕ್ಕ ದಿಂಬಿಗೆ ಒರಗಿಸಿ ಕೂಡಿಸಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನ ದನಿ ಕೇಳಿ ಎಡಗೈ ಎತ್ತಿದರು. ನಾನು ಕುರ್ಚಿ ಎಳೆದುಕೊಂಡು, ಅವರು ಅಂಗಡಿಯಲ್ಲಿ ವಾಲಿಬೀಳುವ ಮೊದಲು ಬಿಟ್ಟಿದ್ದ ಪುಟ ತೆಗೆದು ಓದತೊಡಗಿದೆ. ದೊಡ್ಡ ಮಗಳ ಸೀಮಂತದ ಪ್ರಸಂಗ. ಎರಡು ಸಾಲು ಆಗಿರಲಿಲ್ಲ, ಸಾಹೇಬರು ಎಡಗೈಯನ್ನು ಗಾಳಿಯಲ್ಲಿ ತಳ್ಳಿದರು.

"ಮುಂದ" ಅಂದರು.

ಒಂದು ಅಧ್ಯಾಯ ಬಿಟ್ಟು ಓದಿದೆ. ಮತ್ತೆ ಕೈ ತಳ್ಳಿದರು. ಇನ್ನೊಂದು ಕಡೆ ತೆಗೆದೆ, ಅಲ್ಲೂ ಅಷ್ಟೆ. ಎಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಿತ್ತು. ವೈರು ಕೀಳುವ ಮುಂಚಿನ ದಿನ ಡಬ್ಬಿ ತೋರಿಸಿದ್ದ ಪುಟ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ನೇರ ಅಲ್ಲಿಗೇ ಹೋಗಿ ಓದಿದೆ. ಮನೆಅಳಿಯ ಗಂಟುಮೂಟೆ ಕಟ್ಟಿಕೊಂಡು ಮುಂಬಯಿಗೆ ಹೊರಟು ನಿಂತ ಪ್ರಸಂಗ. ಸಾಹೇಬರು ತಲೆ ಓರೆ ಮಾಡಿ ಒಂದಿಷ್ಟು ಕೇಳಿದರು. ಇಲ್ಲಿಗೆ ಒಪ್ಪಿದರು ಎಂದು ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಕೈ ಎತ್ತಿದರು.

"ಮುಂದ."

"ಇಲ್ಲಿ ತನಕಾನೇ ಅಲ್ಲೇನ್ರಿ ಸಾಹೇಬ್ರೆ?" ಅಂದೆ. ಯಾಕೆ ಹಾಗಂದೆನೋ.

ಅವರ ತುಟಿ ಬಹಳ ಹೊತ್ತು ಅಲುಗಾಡಿತು. ಪದ ಹುಡುಕುವ ಕಷ್ಟಕ್ಕೆ ಹಣೆಯ ನರ ಉಬ್ಬಿತು. ಕೊನೆಗೆ ಒಂದೊಂದಾಗಿ ಹೊರಬಂದವು.

"ಅಳಿಯ... ಹೋದ. ಟೇಶನ್ನಾಗ."

ನಾನು ಆ ಪುಸ್ತಕ ಓದಿರಲಿಲ್ಲ ಎಂದು ಮೊದಲೇ ಹೇಳಿದ್ದೇನೆ. ಹಾಳೆ ತಿರುವಿದೆ. ಅವರು ಎರಡು ಮೂರು ದಿನಕ್ಕೆ ಓದಬಹುದಾದಷ್ಟು ಪುಟ ದಾಟಿದ ಮೇಲೆ ಅದು ಇತ್ತು. ಮನೆಅಳಿಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ನೀರು ತರಲು ಇಳಿದು, ನಲ್ಲಿಯ ಹತ್ತಿರ ಎದೆ ಹಿಡಿದುಕೊಂಡು ಕುಸಿಯುತ್ತಾನೆ. ರೈಲು ಹೊರಟುಹೋಗುತ್ತದೆ. ಆ ಪುಟ ಯಾವ ಯಂತ್ರದ ಲೆಕ್ಕದಲ್ಲೂ ಇರಲಿಲ್ಲ. ಆ ಹೊತ್ತಿಗೆ ಡಬ್ಬಿ ಆರಿ, ವೈರು ಸುತ್ತಿಕೊಂಡು ನಮ್ಮ ಅಟ್ಟದ ಮೇಲೆ ಬಿದ್ದಿತ್ತು.

ತಲೆಯೆತ್ತಿ ನೋಡಿದರೆ ಸಾಹೇಬರು ಕಣ್ಣು ಮುಚ್ಚಿ ಕಾಯುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಖುರ್ಷಿದ್‌ಬಿಯ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಟೀ ಆರುತ್ತದೆ, ಕುಡಿದು ಓದು ಅಂದರು. ನಾನು ಅಳಿಯನ ಹೆಣ ಊರಿಗೆ ಬಂದ ಮುಂದಿನ ಪುಟದಿಂದ ಶುರು ಮಾಡಿದೆ. ಸಾಹೇಬರು ಕೈ ಎತ್ತಲಿಲ್ಲ. ಮೊದಮೊದಲು ಸಾಲು ತಪ್ಪಿ ಓದುತ್ತಿದ್ದೆ, ಆಮೇಲೆ ಕಥೆಯೇ ಎಳೆದುಕೊಂಡು ಹೋಯಿತು. ಭಾನುವಾರಗಳಲ್ಲಿ ಹೋಗಿ ಹೋಗಿ ಪುಸ್ತಕ ಮುಗಿಸಿದೆವು. ಮುಗಿದ ದಿನ ನಾನು ಮನಸ್ಸಿನಲ್ಲೇ ಹೆದರಿಕೊಂಡಿದ್ದೆ. ಏನೂ ಆಗಲಿಲ್ಲ. ಸಾಹೇಬರು ಪುಸ್ತಕ ಕೈಗೆ ತೆಗೆದುಕೊಂಡು ಬೆನ್ನಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಬೇರೆ ತಾ ಎಂದು ಸನ್ನೆ ಮಾಡಿದರು.

ಈ ಪ್ರಸಂಗವನ್ನು ತಿಳಿದವರಿಬ್ಬರ ಮುಂದೆ ಹೇಳಿದ್ದುಂಟು. ಹೊಲಿಗೆ ಹಾಕುವಾಗ ಅಲ್ಲಲ್ಲಿ ಓದಿರಬೇಕು ಅಂದರು. ಸಾಹೇಬರ ಕಣ್ಣು ಪರೀಕ್ಷೆ ಮಾಡಿದವಳು ನಾನು. ಆ ಸಣ್ಣ ಅಚ್ಚಿನ ಒಂದು ಅಕ್ಷರವೂ ಅವರಿಗೆ ಕಾಣುವಂತಿರಲಿಲ್ಲ. ದುರಾಸೆಯ ಅಳಿಯ ಕಥೆಯಲ್ಲಿ ಸಾಯುವುದು ಯಾರಾದರೂ ಊಹಿಸಬಹುದಾದ್ದು ಅಂದರು. ಇರಬಹುದು. ಸ್ಟೇಷನ್ನಿನಲ್ಲಿ ಸಾಯುವುದನ್ನೂ ಊಹಿಸಬಹುದೇನೋ.

ಒಂದು ವರ್ಷ ಕಳೆಯುವ ಹೊತ್ತಿಗೆ ಸಾಹೇಬರ ಮಾತು ಸುಮಾರಾಗಿ ಮರಳಿತ್ತು. ತೊದಲುತ್ತಿದ್ದರು, ಅರ್ಥವಾಗುತ್ತಿತ್ತು. ಒಂದು ದಿನ ಖುರ್ಷಿದ್‌ಬಿ ಒಳಗಿದ್ದಾಗ, ಎಷ್ಟೋ ತಿಂಗಳಿಂದ ತಡೆದುಕೊಂಡಿದ್ದ ಪ್ರಶ್ನೆ ಕೇಳಿಯೇಬಿಟ್ಟೆ. ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ಅಷ್ಟು ಪುಟ ಹೇಗೆ ಓದಿದಿರಿ ಎಂದು. ಅವರು ನನ್ನ ಕಡೆ ಕಿವಿ ತಿರುಗಿಸಿ, ನಾನೇನೋ ತಮಾಷೆ ಮಾಡುತ್ತಿದ್ದೇನೆಂಬಂತೆ ನಕ್ಕರು.

"ನಾ ಎಲ್ಲಿ ಓದಿದೆ ಬೇಟಿ? ಕಣ್ಣ ತೆರೆಯಾಕ ಆಗ್ತಿರ್ಲಿಲ್ಲ. ನೀನ ಬಂದು ಓದಿ ಹೇಳ್ತಿದ್ದೆಲ್ಲ."

ನಾನು ಆ ಆಸ್ಪತ್ರೆಯ ಗಾಜಿನ ಒಳಗೆ ಒಂದು ಸಲವೂ ಕಾಲಿಟ್ಟಿಲ್ಲ. ಆ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ನಾನಿರುತ್ತಿದ್ದುದು ಅಂಗಡಿಯಲ್ಲಿ. ಊಟವಾದ ಮೇಲೆ ಗಿರಾಕಿಗಳು ಕಡಿಮೆ, ಪರೀಕ್ಷೆಯ ಕೋಣೆಯ ದೀಪ ಆರಿಸಿ ಕುರ್ಚಿಗೆ ಒರಗಿ ಒಂದು ಜೊಂಪು ತೆಗೆಯುವುದು ನನ್ನ ಹಳೆಯ ರೂಢಿ. ಆ ಜೊಂಪಿನಲ್ಲಿ ಕನಸು ಕಂಡ ನೆನಪಿಲ್ಲ, ಯಾವ ಕಥೆಯ ನೆನಪೂ ಇಲ್ಲ. ಎದ್ದಾಗ ಗಂಟಲು ಒಣಗಿ, ದನಿ ಕಟ್ಟಿರುತ್ತಿತ್ತು. ಕುಡಿಯಲು ನೀರು ಬೇಕಾಗುತ್ತಿತ್ತು. ಬೇಸಿಗೆ ಕಾಲ, ತಲೆಯ ಮೇಲೆ ಫ್ಯಾನಿನ ಗಾಳಿ. ಯಾರಿಗಾದರೂ ಒಣಗುತ್ತದೆ ಎಂದುಕೊಳ್ಳುತ್ತೇನೆ.